ವೈಶಾಖ ಶುದ್ಧ ತದಿಗೆ: ಒಂದು ತಿಥಿಯ ಹಲವು ಅರ್ಥಗಳು

ವೈಶಾಖ ಮಾಸದ ಶುಕ್ಲಪಕ್ಷದ ಮೂರನೆಯ ದಿನಕ್ಕೆ ಭಾರತೀಯ ಪಂಚಾಂಗದಲ್ಲಿ ವಿಶಿಷ್ಟ ಸ್ಥಾನವಿದೆ. ಜೈನರಿಗೆ ಅದು ಆದಿತೀರ್ಥಂಕರ ವೃಷಭನಾಥರು ಮೊದಲ ಆಹಾರ ಸ್ವೀಕರಿಸಿದ ದಿನ. ಪೌರಾಣಿಕ ಪರಂಪರೆಯಲ್ಲಿ ಅದು ಯುಗಾದಿ ತಿಥಿ. ಪರಶುರಾಮ ಜನಿಸಿದ ದಿನ. ಕರ್ನಾಟಕದಲ್ಲಿ ಬಸವ ಜಯಂತಿ. ಒಡಿಶಾದ ರೈತರಿಗೆ ಬಿತ್ತನೆಗೆ ಮುಷ್ಟಿ ಬೀಜ ಹಾಕುವ ದಿನ. ನಗರದ ಚಿನ್ನದ ಅಂಗಡಿಗೆ ವರ್ಷದ ದೊಡ್ಡ ವ್ಯಾಪಾರದ ದಿನ. ಇಷ್ಟು ಭಿನ್ನ ಅರ್ಥಗಳು ಒಂದೇ ತಿಥಿಯಲ್ಲಿ ಹೇಗೆ ಕೂಡಿಕೊಂಡವು, ಅವುಗಳಲ್ಲಿ ಪರಸ್ಪರ ಸಂಬಂಧವೇನಾದರೂ ಉಂಟೆ ಎಂಬುದು ಈ ಲೇಖನದ ವಿಚಾರ.

ಮೊದಲು ಹೆಸರನ್ನು ನೋಡಬೇಕು. ಅಕ್ಷಯವೆಂದರೆ ಕ್ಷಯವಿಲ್ಲದ್ದು, ಸವೆಯದ್ದು. ವಿಷ್ಣುಪುರಾಣವು ಶ್ರಾದ್ಧ ಪ್ರಕರಣದಲ್ಲಿ ನಾಲ್ಕು ಯುಗಾದಿ ತಿಥಿಗಳನ್ನು ಹೇಳುವಾಗ ವೈಶಾಖ ಶುಕ್ಲ ತೃತೀಯೆಯನ್ನು ಸೇರಿಸಿದೆ. ಅಲ್ಲಿ ಮುಖ್ಯವಾದುದು ಪಿತೃಗಳಿಗೆ ಕೊಡುವ ಎಳ್ಳುನೀರು. ಈ ತಿಥಿಯಲ್ಲಿ ಆರಂಭವಾದುದು ಕೃತಯುಗವೋ ತ್ರೇತಾಯುಗವೋ ಎಂಬುದರಲ್ಲಿ ಗ್ರಂಥಗಳು ಒಮ್ಮತ ಹೊಂದಿಲ್ಲ. ಮತ್ಸ್ಯಪುರಾಣದ ಅಕ್ಷಯ ತೃತೀಯಾ ವ್ರತದ ಪ್ರಕರಣದಲ್ಲಿ ಅಂದು ಮಾಡಿದ ದಾನ, ಹೋಮ, ಜಪಗಳೆಲ್ಲ ಅಕ್ಷಯವಾಗುತ್ತವೆ ಎಂಬ ಮಾತಿದೆ. ಈ ಎರಡೂ ಕಡೆ ಮನುಷ್ಯ ಅಂದು ಕೊಡುವವನೇ ಹೊರತು ಕೊಳ್ಳುವವನಲ್ಲ. ಸವೆಯದೆ ಉಳಿಯುವುದು ಕೊಟ್ಟದ್ದರ ಫಲ, ಕೂಡಿಟ್ಟ ವಸ್ತುವಲ್ಲ. ಗಾಹಡವಾಲ ಅರಸರು ಈ ತಿಥಿಯಂದು ಗಂಗಾಸ್ನಾನ ಮಾಡಿ ಭೂದಾನ ಕೊಟ್ಟುದನ್ನು ಅವರ ತಾಮ್ರಶಾಸನಗಳು ದಾಖಲಿಸಿರುವುದು ಇದೇ ನಂಬಿಕೆಯ ಫಲ.

ಜೈನ ಪರಂಪರೆಯ ಕಥನ ಇನ್ನೂ ಸೂಕ್ಷ್ಮವಾದುದು. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ ಬಾಳಿದ ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದಲ್ಲಿಯೂ 941ರಲ್ಲಿ ಪಂಪ ರಚಿಸಿದ ಕನ್ನಡ ಆದಿಪುರಾಣದಲ್ಲಿಯೂ ಈ ಪ್ರಸಂಗ ಬರುತ್ತದೆ. ದೀಕ್ಷೆ ಪಡೆದ ವೃಷಭದೇವರು ಆರು ತಿಂಗಳ ಯೋಗವನ್ನು ಮುಗಿಸಿ ಚರ್ಯೆಗೆ ಹೊರಡುತ್ತಾರೆ. ಆದರೆ ಮುನಿಗೆ ಆಹಾರ ಕೊಡುವ ಕ್ರಮವೇ ಆಗಿನ್ನೂ ಲೋಕಕ್ಕೆ ತಿಳಿದಿರಲಿಲ್ಲ. ತಮ್ಮ ಪ್ರಭು ಬಂದನೆಂದು ಸಂಭ್ರಮಿಸಿದ ಜನರು ರತ್ನಗಳನ್ನು ತಂದರು, ವಸ್ತ್ರಾಭರಣಗಳನ್ನು ತಂದರು, ಆನೆ ಕುದುರೆಗಳನ್ನು ತಂದರು. ಕನ್ಯೆಯರನ್ನೂ ಒಪ್ಪಿಸಲು ಮುಂದಾದರು. ಅವರು ಯಾವುದನ್ನೂ ಸ್ವೀಕರಿಸದೆ ಮೌನದಿಂದ ಮುಂದೆ ನಡೆದರು. ಕೊನೆಗೆ ಹಸ್ತಿನಾಪುರದಲ್ಲಿ ಅರಸು ಸೋಮಪ್ರಭನ ತಮ್ಮ ಶ್ರೇಯಾಂಸನಿಗೆ ಜಾತಿಸ್ಮರಣೆಯಾಗುತ್ತದೆ. ಹಿಂದಿನ ಜನ್ಮದಲ್ಲಿ ತಾನು ಶ್ರೀಮತಿಯಾಗಿ, ಪತಿ ವಜ್ರಜಂಘನೊಡನೆ ಚಾರಣ ಮುನಿಗಳಿಗೆ ಆಹಾರವಿತ್ತ ವಿಧಿ ಅವನಿಗೆ ನೆನಪಾಗುತ್ತದೆ. ಆ ವಿಧಿಯಂತೆ ಅವನು ಇಕ್ಷುರಸವನ್ನು, ಎಂದರೆ ಕಬ್ಬಿನ ಹಾಲನ್ನು, ಅವರ ಅಂಜಲಿಗೆ ಎರೆಯುತ್ತಾನೆ. ಪಂಚಾಶ್ಚರ್ಯಗಳು ಸಂಭವಿಸುತ್ತವೆ. ಶ್ರೇಯಾಂಸನು ದಾನತೀರ್ಥದ ಪ್ರವರ್ತಕನೆನಿಸುತ್ತಾನೆ.

ಶ್ವೇತಾಂಬರ ಸಂಪ್ರದಾಯದಲ್ಲಿ ಕಥೆಯ ಸಂಬಂಧಗಳು ಸ್ವಲ್ಪ ಬೇರೆ. ಅಲ್ಲಿ ಶ್ರೇಯಾಂಸನು ಬಾಹುಬಲಿಯ ವಂಶದವನು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ತಮ್ಮ ತ್ರಿಷಷ್ಟಿಶಲಾಕಾಪುರುಷ ಚರಿತದಲ್ಲಿ ಈ ದಾನವು ವೈಶಾಖ ಶುಕ್ಲ ತೃತೀಯೆಯಂದು ನಡೆದು ಅಕ್ಷಯವಾಯಿತೆಂದೂ ಅದರಿಂದಲೇ ಈ ಪರ್ವಕ್ಕೆ ಆ ಹೆಸರು ಬಂದಿತೆಂದೂ ಸ್ಪಷ್ಟವಾಗಿ ಹೇಳುತ್ತಾರೆ. ವರ್ಷೀತಪವನ್ನು ಆಚರಿಸಿದವರು ಇಂದಿಗೂ ಹಸ್ತಿನಾಪುರದಲ್ಲಿ, ಪಾಲಿತಾಣದಲ್ಲಿ ಅಂದು ಕಬ್ಬಿನ ರಸದಿಂದಲೇ ಪಾರಣೆ ಮಾಡುತ್ತಾರೆ.

ಈ ಕಥನದ ತಿರುಳು ಕೊಡುವ ಕ್ರಮದ ಅರಿವಿನಲ್ಲಿದೆ. ಜನರಲ್ಲಿ ಔದಾರ್ಯದ ಕೊರತೆಯಿರಲಿಲ್ಲ. ತಮ್ಮ ಬಳಿ ಬೆಲೆಯುಳ್ಳದ್ದೆಲ್ಲವನ್ನೂ ಅವರು ತಂದರು. ಕೊರತೆಯಿದ್ದುದು ಎದುರಿನವನಿಗೆ ಬೇಕಾದುದೇನೆಂಬ ವಿವೇಕದಲ್ಲಿ. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನದ ಕಲ್ಪನೆ ಕರ್ನಾಟಕದ ಜೈನ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆ ದಾನಚಿಂತಾಮಣಿ ಎನಿಸಿದ್ದೂ ಅದೇ ವಿವೇಕದಿಂದ. ಅವಳ ದಾನಕ್ಕೆ ತಿಥಿಯ ಆಸರೆ ಬೇಕಾಗಿರಲಿಲ್ಲ.

ಹೇಮಚಂದ್ರರು ಗುಜರಾತಿನಲ್ಲಿ ಬರೆಯುತ್ತಿದ್ದ ಶತಮಾನದಲ್ಲಿಯೇ ಕಲ್ಯಾಣದಲ್ಲಿ ಬಸವಣ್ಣನವರು ಬಾಳಿದರು. ಅವರ ಜನ್ಮವರ್ಷವನ್ನು 1105, 1131, 1134 ಎಂದು ವಿದ್ವಾಂಸರು ಬೇರೆ ಬೇರೆಯಾಗಿ ನಿರ್ಧರಿಸಿದ್ದಾರೆ. ಆದರೆ ವರ್ಷದ ಚರ್ಚೆ ಏನೇ ಇರಲಿ, ಜಯಂತಿಯ ತಿಥಿ ಜನಮಾನಸದಲ್ಲಿ ಸ್ಥಿರವಾಗಿದೆ. ಇದನ್ನು ಸಾರ್ವಜನಿಕ ಉತ್ಸವವಾಗಿ ರೂಪಿಸಿದ್ದು ಇಪ್ಪತ್ತನೆಯ ಶತಮಾನ. ಹರ್ಡೇಕರ ಮಂಜಪ್ಪನವರು ಮೃತ್ಯುಂಜಯ ಸ್ವಾಮಿಗಳೊಡನೆ 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಆರಂಭಿಸಿದರು. ತಿಲಕರ ವಿಚಾರಗಳಿಂದ ಪ್ರಭಾವಿತರಾಗಿದ್ದ ಮಂಜಪ್ಪನವರಿಗೆ ಸಾರ್ವಜನಿಕ ಉತ್ಸವವು ಸಮಾಜವನ್ನು ಎಚ್ಚರಿಸುವ ಸಾಧನವಾಗಿತ್ತು. ಹಳೆಯ ತಿಥಿಯೊಂದು ಹೀಗೆ ಆಧುನಿಕ ಅರ್ಥವನ್ನು ಪಡೆಯಿತು.

ಇಲ್ಲೊಂದು ವೈರುಧ್ಯವಿದೆ. ಅಕ್ಷಯ ತೃತೀಯೆಯು ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕದಲ್ಲಿ ಮೂರೂವರೆ ಮುಹೂರ್ತಗಳಲ್ಲಿ ಒಂದೆಂದು ಪ್ರಸಿದ್ಧ. ಅಂದು ಶುಭಕಾರ್ಯಕ್ಕೆ ಬೇರೆ ಮುಹೂರ್ತ ನೋಡಬೇಕಿಲ್ಲ ಎಂಬ ನಂಬಿಕೆಯಿದೆ. ಬಸವಣ್ಣನವರಾದರೋ ರಾಶಿ, ತಾರಾಬಲ, ಚಂದ್ರಬಲಗಳನ್ನು ಎಣಿಸುವುದನ್ನೇ ನಿರಾಕರಿಸಿ, ಶರಣರಿಗೆ ನಾಳೆಗಿಂತ ಇಂದೇ ಲೇಸೆಂಬ ಅಭಿಪ್ರಾಯವನ್ನು ವಚನದಲ್ಲಿ ಹೇಳಿದವರು. ಮುಹೂರ್ತವನ್ನು ಒಪ್ಪದವರ ಸ್ಮರಣೆಯೂ ಮುಹೂರ್ತವೇ ಬೇಡದಷ್ಟು ಶುಭವೆನಿಸಿದ ದಿನವೂ ಒಂದಾಗಿವೆ. ಇದನ್ನು ಅಸಂಗತವೆಂದು ತಳ್ಳಿಬಿಡಬೇಕಿಲ್ಲ. ತಿಥಿಯೆಂಬುದು ಯಾವ ಒಂದು ಮತದ ಆಸ್ತಿಯಲ್ಲ ಎಂಬುದಕ್ಕೆ ಇದೇ ನಿದರ್ಶನ.

ಪ್ರಾದೇಶಿಕ ಆಚರಣೆಗಳಲ್ಲಿಯೂ ಇದೇ ವೈವಿಧ್ಯ. ಪುರಿಯಲ್ಲಿ ಅಂದು ಜಗನ್ನಾಥನ ರಥಗಳ ನಿರ್ಮಾಣ ಮೊದಲಾಗುತ್ತದೆ. ಸಿಂಹಾಚಲದಲ್ಲಿ ವರ್ಷವಿಡೀ ಚಂದನದಿಂದ ಮುಚ್ಚಿರುವ ವರಾಹ ನರಸಿಂಹನ ನಿಜರೂಪ ದರ್ಶನ ಅಂದು ಮಾತ್ರ. ಹಿಮಾಲಯದಲ್ಲಿ ಗಂಗೋತ್ರಿ, ಯಮುನೋತ್ರಿಗಳ ಬಾಗಿಲು ತೆರೆಯುತ್ತದೆ. ಬಿತ್ತನೆ, ರಥದ ಕೆಲಸ, ಯಾತ್ರೆ ಮೂರೂ ಆರಂಭಗಳೇ. ಬೇಸಿಗೆ ಏರಿ ಮಳೆಗಾಲ ಇನ್ನೂ ದೂರವಿರುವ ಈ ಋತು ಅಂತಹ ಆರಂಭಗಳಿಗೆ ಒಪ್ಪುವಂತಹುದು.

ದಿನವೊಂದೇ ಎನ್ನುವಾಗಲೂ ಎಚ್ಚರ ಬೇಕು. ತಿಥಿಯ ಅವಧಿ ಸುಮಾರು 19ರಿಂದ 26 ಗಂಟೆಗಳವರೆಗೆ ವ್ಯತ್ಯಾಸವಾಗುತ್ತದೆ. ನಿರ್ಣಯ ಗ್ರಂಥಗಳ ಪ್ರಕಾರ ಅಕ್ಷಯ ತೃತೀಯೆಗೆ ಪೂರ್ವಾಹ್ಣದಲ್ಲಿರುವ ತಿಥಿ ಗ್ರಾಹ್ಯ. ಪರಶುರಾಮ ಜಯಂತಿಗೆ ಪ್ರದೋಷಕಾಲದ ತಿಥಿ. ಹಾಗಾಗಿ ಒಂದೇ ತೃತೀಯೆಯ ಎರಡು ಪರ್ವಗಳು ಕೆಲವು ವರ್ಷ ಎರಡು ದಿನಗಳಲ್ಲಿ ಬರುವುದುಂಟು. ಇದಕ್ಕೆ ಪ್ರತಿಯಾಗಿ, ಸಂಬಂಧವೇ ಇಲ್ಲದ ಪರ್ವಗಳು ಕೂಡಿಬರುವುದೂ ಉಂಟು. 2022ರ ಮೇ 3ರಂದು ಅಕ್ಷಯ ತೃತೀಯೆ, ಬಸವ ಜಯಂತಿ ಮತ್ತು ರಂಜಾನ್ ಹಬ್ಬ ಒಂದೇ ದಿನ ಬಂದವು. ಹಿಜರಿ ವರ್ಷಕ್ಕೆ ಅಧಿಕ ಮಾಸವಿಲ್ಲದ್ದರಿಂದ ಅದು ಋತುಗಳನ್ನು ಸುತ್ತುತ್ತದೆ. ಆದರೂ ಎರಡೂ ಕಡೆ ಕಣ್ಣು ನೆಟ್ಟಿರುವುದು ಶುಕ್ಲಪಕ್ಷದ ಎಳೆಯ ಚಂದ್ರನ ಮೇಲೆಯೇ.

ಈ ದಿನಕ್ಕೆ ಕಹಿಯಾದ ಅರ್ಥವೂ ಒಂದುಂಟು. ಮುಹೂರ್ತ ನೋಡಬೇಕಿಲ್ಲವೆಂಬ ನಂಬಿಕೆಯಿಂದ ರಾಜಸ್ಥಾನ ಮೊದಲಾದೆಡೆ ಆಖಾ ತೀಜ್ ಎಂಬ ಹೆಸರಿನ ಇದೇ ದಿನ ಸಾಮೂಹಿಕ ಬಾಲ್ಯವಿವಾಹಗಳು ನಡೆಯುತ್ತ ಬಂದವು. 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯ 13ನೆಯ ಪ್ರಕರಣವು ಅಕ್ಷಯ ತೃತೀಯೆಯಂತಹ ದಿನಗಳಲ್ಲಿ ಇಂತಹ ವಿವಾಹಗಳನ್ನು ತಡೆಯುವ ಹೊಣೆಯನ್ನು ಜಿಲ್ಲಾ ದಂಡಾಧಿಕಾರಿಗೆ ವಹಿಸಿದೆ. ಪುರಾಣಗಳಲ್ಲಿ ದಾನದ ತಿಥಿಯಾಗಿದ್ದುದು ಆಧುನಿಕ ಕಾಯಿದೆಯ ಪಠ್ಯದಲ್ಲಿ ಕಾವಲಿನ ದಿನವಾಗಿ ಹೆಸರು ಪಡೆದಿದೆ. ತಿಥಿಯ ಇತಿಹಾಸ ಬರೆಯುವವರು ಪುರಾಣ, ಕಾವ್ಯಗಳೊಡನೆ ಈ ಕಾಯಿದೆಯನ್ನೂ ಆಕರವಾಗಿ ಓದಬೇಕು.

ಇತ್ತೀಚಿನ ದಶಕಗಳಲ್ಲಿ ಬಲವಾಗಿ ಬೇರೂರಿದುದು ಚಿನ್ನದ ಖರೀದಿ. ಅಂದು ಕೊಂಡದ್ದು ಬೆಳೆಯುತ್ತದೆಂಬ ನಂಬಿಕೆಯಲ್ಲಿ ಅಕ್ಷಯ ಎಂಬ ಪದ ಉಳಿದಿದೆ, ಕ್ರಿಯೆ ಮಾತ್ರ ತಿರುವುಮುರುವಾಗಿದೆ: ಕೊಡುವುದು ಕೊಳ್ಳುವುದಾಗಿದೆ. ಇದು ಹೊಸದು ಎಂಬ ಒಂದೇ ಕಾರಣಕ್ಕೆ ಸುಳ್ಳೆನ್ನುವುದು ಸರಿಯಲ್ಲ. 1913ರ ಜಯಂತಿಯೂ ಒಮ್ಮೆ ಹೊಸದೇ ಆಗಿತ್ತು. ಯಾವ ಅರ್ಥ ಹಳೆಯದು ಎಂಬ ಪ್ರಶ್ನೆಗೆ ಪಠ್ಯಗಳ ಕಾಲನಿರ್ಣಯ ಉತ್ತರ ಕೊಡಬಲ್ಲದು. ಯಾವ ಅರ್ಥ ಉಳಿಯತಕ್ಕದ್ದು ಎಂಬುದು ಬೇರೆ ಪ್ರಶ್ನೆ. ಅದನ್ನು ಪ್ರಾಚೀನತೆಯಿಂದ ತೀರ್ಮಾನಿಸಲಾಗದು, ಆ ಅರ್ಥ ಮನುಷ್ಯನಿಂದ ಏನನ್ನು ಮಾಡಿಸುತ್ತದೆ ಎಂಬುದರಿಂದ ತೀರ್ಮಾನಿಸಬೇಕು.

ಹಾಗೆ ನೋಡಿದರೆ ಪುರಾಣದ ಎಳ್ಳುನೀರು, ಶ್ರೇಯಾಂಸನ ಇಕ್ಷುರಸ, ಶರಣರ ದಾಸೋಹ ಇವು ಬೇರೆ ಬೇರೆ ದರ್ಶನಗಳಿಂದ ಹೊರಟು ಒಂದೇ ಕಡೆಗೆ ಮುಖಮಾಡಿವೆ. ಆದಿಪುರಾಣದ ಜನರು ವೃಷಭದೇವರ ಮುಂದೆ ಇಟ್ಟ ಚಿನ್ನ ರತ್ನಗಳೂ ಕರೆತಂದ ಕನ್ಯೆಯರೂ ಸ್ವೀಕಾರವಾಗಲಿಲ್ಲ. ಸ್ವೀಕಾರವಾದುದು ಹಸಿದವನ ಕೈಗೆ ಎರೆದ ಕಬ್ಬಿನ ರಸ.