ಏಳು ಮಂದಿಯ ಆಟ, ಹತ್ತು ಊರುಗಳ ಋತು

2025ರ ಜೂನ್ ತಿಂಗಳಲ್ಲಿ ಮುಂಬಯಿಯ ಅಂಧೇರಿ ಕ್ರೀಡಾಂಗಣದಲ್ಲಿ ರಗ್ಬಿ ಪ್ರೀಮಿಯರ್ ಲೀಗ್ ಎಂಬ ಪಂದ್ಯಾವಳಿ ಮೊತ್ತಮೊದಲ ಸಲ ನಡೆಯಿತು. ಆಡಿದ ಆರು ತಂಡಗಳಲ್ಲಿ ಒಂದರ ಹೆಸರು ಬೆಂಗಳೂರು ಬ್ರೇವ್‌ಹಾರ್ಟ್ಸ್. ಹೊರನಾಡಿನಲ್ಲಿ ನೆಲೆಸಿದ ನಮಗೆ ಬೆಂಗಳೂರಿನ ಹೆಸರು ಎಲ್ಲಿ ಕಿವಿಗೆ ಬಿದ್ದರೂ ಕತ್ತು ಅತ್ತ ತಿರುಗುವುದು ವಾಡಿಕೆ. ಆದರೆ ಆ ತಂಡ ಆಡಿದ ಆಟ ಯಾವುದು, ಅದು ಎಲ್ಲಿ ಹುಟ್ಟಿತು, ಯಾರ ಕೈಯಲ್ಲಿ ಬೆಳೆಯಿತು ಎಂದು ಮಕ್ಕಳು ಕೇಳಿದರೆ ಉತ್ತರ ಹೇಳಬಲ್ಲವರು ನಮ್ಮಲ್ಲಿ ಕಡಿಮೆ. ಕ್ರಿಕೆಟ್ಟಿನ ವಿಷಯದಲ್ಲಿ ಮನೆಮನೆಯಲ್ಲೂ ಪಂಡಿತರಿದ್ದಾರೆ. ರಗ್ಬಿಯ ವಿಷಯದಲ್ಲಿ ಯಾರೂ ಇಲ್ಲ. ಆದ್ದರಿಂದ ಆ ಆಟದ ಅಂತರರಾಷ್ಟ್ರೀಯ ಸರಣಿಯ ಒಂದೇ ಒಂದು ಋತುವನ್ನು, 2015–16ನೆಯ ಸಾಲಿನದನ್ನು, ಇಲ್ಲಿ ವಾಚಕರ ಮುಂದೆ ಇಡುತ್ತಿದ್ದೇವೆ. ಅದೇ ಋತುವನ್ನು ಆರಿಸಿಕೊಂಡದ್ದೇಕೆ ಎಂಬುದು ಮುಂದೆ ತಿಳಿದೀತು.

ಪೂರ್ಣ ರಗ್ಬಿಯಲ್ಲಿ ಒಂದೊಂದು ಪಕ್ಷಕ್ಕೆ ಹದಿನೈದು ಮಂದಿ. ಸೆವೆನ್ಸ್ ಎಂಬ ಕಿರಿಯ ರೂಪದಲ್ಲಿ ಏಳೇ ಮಂದಿ. ಕಬಡ್ಡಿ ಬಲ್ಲ ನಮಗೆ ಏಳರ ಲೆಕ್ಕ ಹೊಸದಲ್ಲ. ಎದುರಾಳಿಯ ಕಾಲು ಹಿಡಿದು ಕೆಡಹುವುದೂ ಹೊಸದಲ್ಲ. ಆದರೆ ಕಬಡ್ಡಿಯ ಅಂಕಣ ಹದಿಮೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲ. ಸೆವೆನ್ಸ್ ಆಡುವುದು ಹದಿನೈದು ಮಂದಿಯ ಅದೇ ಪೂರ್ಣ ಮೈದಾನದಲ್ಲಿ, ಸುಮಾರು ನೂರು ಮೀಟರ್ ಉದ್ದ, ಎಪ್ಪತ್ತು ಮೀಟರ್ ಅಗಲದ ಜಾಗದಲ್ಲಿ. ಗಣಿತ ಸುಲಭವಾಗಿದೆ: ಒಬ್ಬೊಬ್ಬನ ಪಾಲಿಗೆ ಐನೂರು ಚದರ ಮೀಟರ್ ಬಯಲು. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ, ಪಕ್ಕಕ್ಕೋ ಹಿಂದಕ್ಕೋ ಎಸೆಯಬೇಕು. ಮುಂದಕ್ಕೆ ಹೋಗಬೇಕಾದರೆ ಹೊತ್ತು ಓಡಬೇಕು. ಎದುರು ಪಕ್ಷದ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸಿದರೆ ಐದು ಅಂಕ, ಅದಕ್ಕೆ ‘ಟ್ರೈ’ ಎಂದು ಹೆಸರು. ಬಳಿಕ ಕಂಬಗಳ ನಡುವೆ ಒದ್ದು ಕಳಿಸಿದರೆ ಇನ್ನೆರಡು. ಏಳು ನಿಮಿಷದ ಎರಡು ಅವಧಿಗಳಲ್ಲಿ ಪಂದ್ಯ ಮುಗಿದೇ ಹೋಗುತ್ತದೆ. ಅಷ್ಟರಲ್ಲಿ ಆಡಿದವರು ಹೈರಾಣಾಗಿರುತ್ತಾರೆ.

ಈ ಆಟ ಹುಟ್ಟಿದ್ದು ಹಣದ ಮುಗ್ಗಟ್ಟಿನಿಂದ. ಸ್ಕಾಟ್ಲೆಂಡಿನ ಮೆಲ್ರೋಸ್ ಎಂಬ ಸಣ್ಣ ಊರಿನ ರಗ್ಬಿ ಕ್ಲಬ್ಬಿನ ಬೊಕ್ಕಸ ಬರಿದಾಗಿತ್ತು. ಅಲ್ಲಿನ ಕಸಾಯಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ ನೆಡ್ ಹೇಗ್ ಎಂಬಾತ, ಒಂದೇ ದಿನದಲ್ಲಿ ಹಲವು ಪಂದ್ಯ ಆಡಿಸಿ ಜನ ಸೇರಿಸಿದರೆ ಹಣ ಬಂದೀತು ಎಂದು ಸೂಚಿಸಿದ. ಒಂದು ಮಧ್ಯಾಹ್ನದಲ್ಲಿ ಹದಿನೈದರ ಆಟವನ್ನು ಅಷ್ಟು ಸಲ ಆಡಿಸಲಾಗದು, ಆದುದರಿಂದ ಮಂದಿಯನ್ನೂ ಸಮಯವನ್ನೂ ಇಳಿಸಿದರು. 1883ರ ಏಪ್ರಿಲ್ 28ರಂದು ಮೊದಲ ಪಂದ್ಯಾವಳಿ ನಡೆದು, ನೆರೆಯೂರಾದ ಗಾಲಾವನ್ನು ಸೋಲಿಸಿ ಮೆಲ್ರೋಸ್ ಗೆದ್ದಿತು. ಸಂಘ ನಡೆಸಿ ಬಲ್ಲವರಿಗೆ, ನಿಧಿ ಕೂಡಿಸಲು ಸಹಾಯಾರ್ಥ ನಾಟಕ ಆಡಿಸಿದವರಿಗೆ, ನೆಡ್ ಹೇಗ್‌ನ ಯುಕ್ತಿ ಚೆನ್ನಾಗಿ ಅರ್ಥವಾದೀತು. ಇಲ್ಲಿ ಒಂದು ಉಪಕಥೆ: ಇಂಗ್ಲೆಂಡ್–ಸ್ಕಾಟ್ಲೆಂಡ್ ತಂಡಗಳು 1879ರಿಂದ ಸೆಣಸುತ್ತಿರುವ ಹದಿನೈದರ ಆಟದ ಪಾರಿತೋಷಕದ ಹೆಸರು ಕಲ್ಕತ್ತಾ ಕಪ್. ಕಲ್ಕತ್ತೆಯ ರಗ್ಬಿ ಕ್ಲಬ್ಬು ಮುಚ್ಚಿದಾಗ ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ ಮಾಡಿಸಿದ ಬಟ್ಟಲು ಅದು. ಹಿಡಿಗಳಾಗಿ ಮೂರು ನಾಗರಹಾವು, ಮುಚ್ಚಳದ ಮೇಲೊಂದು ಆನೆ.

ಸೆವೆನ್ಸ್ ಬಹುಕಾಲ ಊರಹಬ್ಬದ ಆಟವಾಗಿಯೇ ಇತ್ತು. 1976ರಲ್ಲಿ ಹಾಂಗ್‌ಕಾಂಗಿನ ಪಂದ್ಯಾವಳಿ ಅದಕ್ಕೆ ಹೊರಜಗತ್ತಿನ ಬಾಗಿಲು ತೆರೆಯಿತು. 1999–2000ದಿಂದ ಊರೂರು ಸುತ್ತುವ ವಿಶ್ವ ಸರಣಿ ಆರಂಭವಾಯಿತು. ಮೊದಲ ಆರು ವರ್ಷ ಸತತವಾಗಿ ನ್ಯೂಜಿಲೆಂಡಿನದೇ ಗೆಲವು. 2009ರ ಅಕ್ಟೋಬರಿನಲ್ಲಿ ಒಲಿಂಪಿಕ್ ಸಮಿತಿ ಈ ಆಟವನ್ನು 2016ರ ರಿಯೊ ಕ್ರೀಡಾಕೂಟಕ್ಕೆ ಸೇರಿಸಿತು. 1924ರ ನಂತರ ಒಲಿಂಪಿಕ್ಸಿನಲ್ಲಿ ರಗ್ಬಿ ಇರಲೇ ಇಲ್ಲ. ಹೀಗಾಗಿ 2015–16ರ ಋತು ಉಳಿದ ಋತುಗಳಂತಲ್ಲ. ಅದು ಪದಕದ ಮುನ್ನಿನ ಪೂರ್ವಸಿದ್ಧತಾ ಪರೀಕ್ಷೆ. ಹದಿನೈದರ ಆಟದ ದೊಡ್ಡ ಹೆಸರುಗಳೂ ಪದಕದ ಆಸೆಯಿಂದ ಇತ್ತ ಬಂದವು: ನ್ಯೂಜಿಲೆಂಡಿನ ಸನ್ನಿ ಬಿಲ್ ವಿಲಿಯಮ್ಸ್, ದಕ್ಷಿಣ ಆಫ್ರಿಕದ ಬ್ರಯನ್ ಹಬಾನ. ಹಬಾನನಿಗೆ ರಿಯೊ ತಂಡದಲ್ಲಿ ಸ್ಥಾನ ಸಿಗಲಿಲ್ಲ. ವಿಲಿಯಮ್ಸ್ ರಿಯೊದ ಮೊದಲ ಪಂದ್ಯದಲ್ಲೇ ಹಿಮ್ಮಡಿಯ ನರಕ್ಕೆ ಪೆಟ್ಟು ಮಾಡಿಕೊಂಡು ಹೊರಬಿದ್ದ. ಈ ಆಟ ದೊಡ್ಡ ಹೆಸರಿಗೆ ಸೊಪ್ಪು ಹಾಕುವುದಿಲ್ಲ.

ಹತ್ತು ಊರುಗಳು, ಒಂದೊಂದು ಊರಿನಲ್ಲೂ ಹದಿನಾರು ತಂಡಗಳು. ಒಂದು ಪಂದ್ಯಾವಳಿ ಗೆದ್ದವರಿಗೆ 22 ಅಂಕ, ಎರಡನೆಯವರಿಗೆ 19, ಹೀಗೆ ಇಳಿಕೆ. 2015ರ ಡಿಸೆಂಬರಿನಲ್ಲಿ ದುಬೈಯಲ್ಲಿ ಫಿಜಿ ಗೆದ್ದಿತು, ಕೇಪ್‌ಟೌನಿನಲ್ಲಿ ದಕ್ಷಿಣ ಆಫ್ರಿಕ. ಹೊಸ ವರ್ಷದಲ್ಲಿ ವೆಲಿಂಗ್ಟನ್, ಸಿಡ್ನಿ ಎರಡೂ ನ್ಯೂಜಿಲೆಂಡಿನ ಪಾಲಾದವು. ಅಲ್ಲಿಯವರೆಗೆ ಎಲ್ಲವೂ ನಿರೀಕ್ಷೆಯಂತೆಯೇ ಇತ್ತು.

ಫೆಬ್ರವರಿ 20ರಂದು ವಿನ್‌ಸ್ಟನ್ ಎಂಬ ಚಂಡಮಾರುತ ಫಿಜಿ ದ್ವೀಪಗಳನ್ನು ಹೊಕ್ಕಿತು. ಗಂಟೆಗೆ 280 ಕಿಲೋಮೀಟರಿನ ಗಾಳಿ. ದಕ್ಷಿಣ ಗೋಳಾರ್ಧದಲ್ಲಿ ನೆಲಕ್ಕೆ ಅಪ್ಪಳಿಸಿದ ಬಿರುಗಾಳಿಗಳಲ್ಲಿ ಅಷ್ಟು ಪ್ರಬಲವಾದುದು ಅದುವರೆಗೆ ದಾಖಲಾಗಿರಲಿಲ್ಲ. ಸತ್ತವರು 44 ಮಂದಿ. ಬಿದ್ದ, ಮುರಿದ ಮನೆಗಳು ಹತ್ತಾರು ಸಾವಿರ. ಫಿಜಿಯ ಒಟ್ಟು ಜನಸಂಖ್ಯೆಯೇ ಸುಮಾರು ಒಂಬತ್ತು ಲಕ್ಷ, ಅಂದರೆ ನಮ್ಮ ಒಂದು ಮಧ್ಯಮ ಜಿಲ್ಲೆಗಿಂತ ಕಡಿಮೆ ಎಂಬುದನ್ನು ನೆನೆದರೆ ಈ ಪೆಟ್ಟಿನ ಭಾರ ತಿಳಿಯುತ್ತದೆ. ಸರಣಿಯ ಮುಂದಿನ ನಿಲ್ದಾಣ ಅಮೆರಿಕದ ಲಾಸ್ ವೇಗಾಸ್. ಊರಿನಲ್ಲಿ ಮಾಡು ಹಾರಿಹೋಗಿರುವಾಗ ಜೂಜುಕಟ್ಟೆಗಳ ನಗರಕ್ಕೆ ಆಟವಾಡಲು ಹೋಗುವುದು ಎಂಥ ಮನಸ್ಥಿತಿ ಎಂಬುದನ್ನು, ನೆರೆಯ ಸುದ್ದಿಯನ್ನು ದೂರದ ಊರಿನಲ್ಲಿ ಕುಳಿತು ಪತ್ರಿಕೆಯಲ್ಲಿ ಓದಿದ ನಮ್ಮ ಉತ್ತರ ಕರ್ನಾಟಕದ ಕುಟುಂಬಗಳಿಗೆ ಹೇಳಬೇಕಾಗಿಲ್ಲ.

ಬಿರುಗಾಳಿಯ ಹದಿನೈದನೆಯ ದಿನ, ಮಾರ್ಚ್ 6ರಂದು, ಅಂತಿಮ ಪಂದ್ಯ. ಎದುರಾಳಿ ಆಸ್ಟ್ರೇಲಿಯ. ಮಧ್ಯಂತರದ ಹೊತ್ತಿಗೆ ಆಸ್ಟ್ರೇಲಿಯ 15, ಫಿಜಿ ಸೊನ್ನೆ. ಏಳರ ಆಟದಲ್ಲಿ ಹದಿನೈದು ಅಂಕದ ಹಿನ್ನಡೆ ಎಂದರೆ ಬಹುಮಟ್ಟಿಗೆ ಕಥೆ ಮುಗಿದಂತೆ. ಮುಗಿಯಲಿಲ್ಲ. ಫಿಜಿ ಮೂರು ಸಲ ಗೆರೆ ದಾಟಿತು, ಮೂರು ಸಲವೂ ಕಂಬಗಳ ನಡುವೆ ಒದ್ದಿತು, 21–15ರಲ್ಲಿ ಗೆದ್ದಿತು. ಈ ಋತುವಿನ ಇತಿಹಾಸ ಬರೆಯುವವರು ಬೇರೆ ಯಾವ ಪಂದ್ಯವನ್ನು ಬಿಟ್ಟರೂ ಇದನ್ನು ಬಿಡುವಂತಿಲ್ಲ.

ಈ ತಂಡದ ಹಿಂದಿನ ಸಂಗತಿಯನ್ನೂ ಹೇಳಬೇಕು. ತರಬೇತುದಾರ ಬೆನ್ ರಯನ್ ಇಂಗ್ಲೆಂಡಿನವ, ಮೊದಲು ಇಂಗ್ಲೆಂಡಿನ ತಂಡಕ್ಕೇ ಕಲಿಸಿದವ. 2013ರಲ್ಲಿ ಫಿಜಿಗೆ ಬಂದಾಗ ಅಲ್ಲಿನ ರಗ್ಬಿ ಸಂಸ್ಥೆಯ ಕೈಯಲ್ಲಿ ಕಾಸಿರಲಿಲ್ಲ. ಮೊದಲ ಕೆಲವು ತಿಂಗಳು ಆತನಿಗೆ ಸಂಬಳವೇ ಬರಲಿಲ್ಲ. ತುಟ್ಟಿಭತ್ಯೆ ಒಂದು ತಿಂಗಳು ತಡವಾದರೆ ಗೊಣಗುವ ನಮ್ಮಂಥ ಗುಮಾಸ್ತರು ಇದನ್ನು ಓದಿ ಸುಮ್ಮನಾಗಬೇಕು. ಆತ ಹುಡುಗರನ್ನು ಸಿಗಟೋಕದ ಮರಳದಿಬ್ಬಗಳ ಮೇಲೆ ಮೇಲಕ್ಕೂ ಕೆಳಕ್ಕೂ ಓಡಿಸಿದ. ಫಿಜಿಯ ಅನೇಕ ಆಟಗಾರರು ಪೊಲೀಸ್, ಸೈನ್ಯ, ಬಂದೀಖಾನೆ ಇಲಾಖೆಗಳ ನೌಕರರು, ಆಯಾ ಇಲಾಖೆಯ ತಂಡದಲ್ಲಿ ಆಡಿ ಮೇಲೆ ಬಂದವರು. ನಮ್ಮ ರೈಲ್ವೆ, ಅಂಚೆ ಇಲಾಖೆಗಳ ಕ್ರೀಡಾ ಕೋಟಾದಂತೆಯೇ. ಜೆರಿ ತುವಾಯ್ ರಾಜಧಾನಿ ಸುವದ ಬಳಿಯ ಬಡ ವಸತಿಯಿಂದ ಬಂದವನು. ಇದೇ ಋತುವಿನ ಕೊನೆಗೆ, ಆಸ್ಟ್ರೇಲಿಯದಲ್ಲಿ ದೊಡ್ಡ ತಾರೆಯಾಗಿದ್ದ, ಫಿಜಿ ಮೂಲದ ಜಾರಿಡ್ ಹೇನ್ ಎಂಬಾತ ತಂಡ ಸೇರಲು ಬಂದು ಲಂಡನ್ನಿನಲ್ಲಿ ಆಡಿದ. ಒಲಿಂಪಿಕ್ ತಂಡಕ್ಕೆ ರಯನ್ ಅವನನ್ನು ಆರಿಸಲಿಲ್ಲ.

ಫಿಜಿ ಎಂದೊಡನೆ ಭಾರತೀಯ ವಾಚಕರಿಗೆ ಬೇರೊಂದು ನೆನಪಾಗುತ್ತದೆ. 1879ರಿಂದ 1916ರವರೆಗೆ ಸುಮಾರು ಅರುವತ್ತು ಸಾವಿರ ಭಾರತೀಯರನ್ನು ಕರಾರು ಕೂಲಿಗಳಾಗಿ ಕಬ್ಬಿನ ಗದ್ದೆಗಳಿಗೆ ಅಲ್ಲಿಗೆ ಸಾಗಿಸಲಾಯಿತು. 1903ರಿಂದ ಮದರಾಸಿನ ಬಂದರಿನಿಂದಲೂ ಹಡಗುಗಳು ಹೊರಟವು. ‘ಎಗ್ರಿಮೆಂಟ್’ ಎಂಬ ಪದ ಅವರ ಬಾಯಲ್ಲಿ ‘ಗಿರ್ಮಿಟ್’ ಆಯಿತು. ಆದರೆ ಅವರ ಮಕ್ಕಳು ಮೊಮ್ಮಕ್ಕಳು ಹಿಡಿದದ್ದು ಕಾಲ್ಚೆಂಡು. 1938ರಲ್ಲಿ ಆರಂಭವಾದ ಅಲ್ಲಿನ ಕಾಲ್ಚೆಂಡು ಸಂಸ್ಥೆಯ ಹೆಸರಿನಲ್ಲಿಯೇ ‘ಇಂಡಿಯನ್’ ಎಂಬ ಪದವಿತ್ತು. ರಗ್ಬಿ ಮೂಲನಿವಾಸಿಗಳ ಆಟವಾಗಿ ಉಳಿಯಿತು. 1987ರ ಸೈನಿಕ ಕ್ರಾಂತಿಗಳ ನಂತರ ಸಾವಿರಾರು ಭಾರತೀಯ ಮೂಲದವರು ಮತ್ತೊಮ್ಮೆ ಗಂಟುಮೂಟೆ ಕಟ್ಟಿ ಆಸ್ಟ್ರೇಲಿಯ, ನ್ಯೂಜಿಲೆಂಡ್, ಕೆನಡಾಗಳಿಗೆ ಹೊರಟುಹೋದರು. ಆಟ ನಾಡನ್ನು ಒಂದುಗೂಡಿಸುತ್ತದೆ ಎಂದು ಭಾಷಣಗಳಲ್ಲಿ ಹೇಳುವುದು ಸುಲಭ. ಫಿಜಿಯಲ್ಲಿ ಎರಡು ಜನ, ಎರಡು ಆಟ ಎಂಬ ಸ್ಥಿತಿ ನೂರು ವರ್ಷಕ್ಕೆ ಹತ್ತಿರ ನಡೆದುಬಂದಿತ್ತು.

ಮತ್ತೆ ಋತುವಿಗೆ ಬರೋಣ. ವ್ಯಾಂಕೂವರಿನಲ್ಲಿ ನ್ಯೂಜಿಲೆಂಡ್ ಗೆದ್ದಿತು. ಏಪ್ರಿಲಿನಲ್ಲಿ ಹಾಂಗ್‌ಕಾಂಗಿನಲ್ಲಿ ಫಿಜಿ ಆ ನ್ಯೂಜಿಲೆಂಡನ್ನೇ 21–7ರಿಂದ ಸೋಲಿಸಿತು. ಒಂದು ವಾರದ ಅನಂತರ ಸಿಂಗಪುರ. ಅಂತಿಮ ಪಂದ್ಯಕ್ಕೆ ಫಿಜಿಯ ಎದುರು ಬಂದದ್ದು ಕೀನ್ಯ. ಅದುವರೆಗೆ ಒಂದೂ ಪಂದ್ಯಾವಳಿ ಗೆಲ್ಲದ ದೇಶ. ಬೆಂಜಮಿನ್ ಅಯಿಂಬನ ಶಿಷ್ಯರು ಫಿಜಿಯನ್ನು 30–7ರಿಂದ ಹಣ್ಣುಮಾಡಿದರು. ಆ ತಂಡದ ಕಾಲಿನ್ಸ್ ಇಂಜೆರ ಮುಂದಿನ ತಿಂಗಳು ಲಂಡನ್ನಿನಲ್ಲಿ, ಅರ್ಜೆಂಟೀನದ ಸಾಂಟಿಯಾಗೊ ಗೋಮೆಜ್ ಕೋರನ 230 ಟ್ರೈಗಳ ದಾಖಲೆಯನ್ನೂ ಮುರಿದ.

ಮೇ ತಿಂಗಳ ಪ್ಯಾರಿಸಿನಲ್ಲಿ ಸಮೋವ, ಫಿಜಿಗಿಂತಲೂ ಪುಟ್ಟ ದ್ವೀಪರಾಷ್ಟ್ರ, 29–26ರಿಂದ ಮತ್ತೆ ಫಿಜಿಯನ್ನೇ ಸೋಲಿಸಿತು. ಕೊನೆಯ ನಿಲ್ದಾಣ ಲಂಡನ್. ಈ ಆಟವನ್ನು ಹೆತ್ತ ಸ್ಕಾಟ್ಲೆಂಡು ಸರಣಿ ಆರಂಭವಾದಂದಿನಿಂದ ಅಲ್ಲಿಯವರೆಗೆ ಒಂದು ಪಂದ್ಯಾವಳಿಯನ್ನೂ ಗೆದ್ದಿರಲಿಲ್ಲ ಎಂದರೆ ನಂಬುವುದು ಕಷ್ಟ. ಮಗುವಿಗೆ ಹೆಸರಿಟ್ಟವರನ್ನೇ ಮಗು ಮರೆತಂತೆ. ದಕ್ಷಿಣ ಆಫ್ರಿಕದ ವಿರುದ್ಧ ಕೊನೆಯ ಗಳಿಗೆಯವರೆಗೂ ಹಿಂದಿದ್ದ ಸ್ಕಾಟರು, ಡೂಗಿ ಫೈಫ್ ಎಂಬಾತನ ಎರಡು ಟ್ರೈಗಳಿಂದ 27–26ರಲ್ಲಿ, ಒಂದೇ ಅಂಕದಿಂದ ಗೆದ್ದರು. ಮೆಲ್ರೋಸಿನ ಆ ಮಧ್ಯಾಹ್ನದಿಂದ ಲೆಕ್ಕ ಹಾಕಿದರೆ 133 ವರ್ಷ.

ಹತ್ತು ಊರು, ಆರು ವಿಜೇತರು: ಫಿಜಿ, ನ್ಯೂಜಿಲೆಂಡ್ ಮೂರು ಮೂರು ಸಲ, ದಕ್ಷಿಣ ಆಫ್ರಿಕ, ಕೀನ್ಯ, ಸಮೋವ, ಸ್ಕಾಟ್ಲೆಂಡ್ ಒಂದೊಂದು ಸಲ. ಒಟ್ಟಂಕದಲ್ಲಿ ಫಿಜಿ 181, ದಕ್ಷಿಣ ಆಫ್ರಿಕ 171. ಫಿಜಿಗೆ ಸತತವಾಗಿ ಎರಡನೆಯ ವರ್ಷ ಸರಣಿ ಕಿರೀಟ. ಹದಿನೈದರ ರಗ್ಬಿಯಲ್ಲಿ ಇಂಥ ಪಟ್ಟಿಯನ್ನು ಕಾಣಲಾರೆವು. ಅಲ್ಲಿ ದೊಡ್ಡ ತಂಡ, ದೊಡ್ಡ ಕ್ಲಬ್ಬುಗಳು, ದೊಡ್ಡ ಹಣ ಬೇಕು. ಇಲ್ಲಿ ಹನ್ನೆರಡು ಮಂದಿಯನ್ನು ಹೊಂದಿಸಿಕೊಂಡು ವಿಮಾನದ ಟಿಕೇಟು ಕೂಡಿಸಿದರೆ ಬಡ ದೇಶವೂ ಶ್ರೀಮಂತ ದೇಶದ ಮುಂದೆ ನಿಲ್ಲಬಹುದು. ಆದರೆ ಬಾಗಿಲು ತೆರೆದಿರಬೇಕು.

ರಿಯೊದ ಕಥೆ ಹಲವರಿಗೆ ಗೊತ್ತಿರಬಹುದು. ನ್ಯೂಜಿಲೆಂಡನ್ನು 12–7, ಜಪಾನನ್ನು 20–5ರಿಂದ ದಾಟಿದ ಫಿಜಿ, 2016ರ ಆಗಸ್ಟ್ 11ರಂದು ಅಂತಿಮ ಪಂದ್ಯದಲ್ಲಿ ಬ್ರಿಟನ್ನಿನ ಎದುರು ನಿಂತಿತು. ಆಳಿದವರು ಒಂದು ಕಡೆ, 1970ರವರೆಗೆ ಆಳಿಸಿಕೊಂಡವರು ಇನ್ನೊಂದು ಕಡೆ. ಮಧ್ಯಂತರಕ್ಕೆ 29–0, ಮುಗಿದಾಗ 43–7. ಫಿಜಿ 1956ರಿಂದ ಒಲಿಂಪಿಕ್ಸಿಗೆ ಹೋಗುತ್ತಿದ್ದರೂ ಅದೇ ಆ ದೇಶದ ಮೊದಲ ಪದಕ, ಮತ್ತು ಅದು ಚಿನ್ನ. ಬ್ರಿಟನ್ನಿನ ರಾಜಕುಮಾರಿ ಆನ್ ಪದಕ ತೊಡಿಸುವಾಗ ನಾಯಕ ಒಸಿಯ ಕೊಲಿನಿಸಾವು ಮತ್ತು ಸಂಗಡಿಗರು ಮೊಣಕಾಲೂರಿದರು. ಅದು ದಾಸ್ಯದ ಗುರುತೆಂದು ಯಾರಾದರೂ ಭಾವಿಸಿದರೆ ತಪ್ಪು. ಫಿಜಿಯಲ್ಲಿ ಹಿರಿಯರಿಂದ ಏನನ್ನಾದರೂ ಪಡೆಯುವಾಗ ತಗ್ಗಿ ಕುಳಿತುಕೊಳ್ಳುವುದು ಮರ್ಯಾದೆ. ನಲವತ್ತಮೂರು ಅಂಕ ಹೊಡೆದವರು ಸಾವಧಾನವಾಗಿ ಮೊಣಕಾಲೂರಬಲ್ಲರು. ಸರ್ಕಾರ ಸಾರ್ವತ್ರಿಕ ರಜೆ ಕೊಟ್ಟಿತು, 2017ರಲ್ಲಿ ಏಳು ಡಾಲರಿನ ನೋಟನ್ನೇ ಅಚ್ಚು ಹಾಕಿಸಿತು. ಕಬ್ಬಿನ ಸೀಮೆಯ ಭಾರತೀಯ ಮೂಲದವರ ಅಂಗಡಿಗಳಿಗೂ ಅದು ಚಲಾವಣೆಯ ಹಣವಾಗಿ ಬಂತು. ತುವಾಯ್ 2021ರಲ್ಲಿ ಟೋಕಿಯೊದಲ್ಲಿ ನಾಯಕನಾಗಿ ಇನ್ನೊಂದು ಚಿನ್ನ ತಂದ.

ಸರಣಿ ಮಾತ್ರ ಕಿರಿದಾಗುತ್ತ ಬಂತು. ಖರ್ಚು ಹೆಚ್ಚು, ಗಳಿಕೆ ಕಡಿಮೆ ಎಂಬ ಲೆಕ್ಕದಲ್ಲಿ 2023–24ರಿಂದ ಹದಿನಾರು ತಂಡಗಳನ್ನು ಹನ್ನೆರಡಕ್ಕೆ ಇಳಿಸಿದರು, 2025–26ಕ್ಕೆ ಮೇಲಿನ ದರ್ಜೆಯಲ್ಲಿ ಎಂಟನ್ನೇ ಉಳಿಸಿದರು. ಸಿಂಗಪುರದಲ್ಲಿ ಗೆದ್ದ ಕೀನ್ಯ ಒಮ್ಮೆ ಹೊರಬಿದ್ದು, ಮರಳಿ ಬಂದು, ಆ ಎಂಟರಲ್ಲಿ ಜಾಗ ಸಿಗದೆ ಕೆಳಗಿನ ದರ್ಜೆಗೆ ಹೋಯಿತು. ಪ್ಯಾರಿಸಿನಲ್ಲಿ ಗೆದ್ದ ಸಮೋವ 2024ರಲ್ಲಿ ಹೊರಬಿತ್ತು. ಲಂಡನ್ನಿನಲ್ಲಿ ಗೆದ್ದ ಸ್ಕಾಟ್ಲೆಂಡಿಗೆ 2023ರಿಂದೀಚೆಗೆ ಈ ಸರಣಿಯಲ್ಲಿ ಸ್ವಂತ ತಂಡವೇ ಇಲ್ಲ. ಇಂಗ್ಲೆಂಡ್, ವೇಲ್ಸ್‌ಗಳೊಡನೆ ಸೇರಿಸಿ ಗ್ರೇಟ್ ಬ್ರಿಟನ್ ಎಂಬ ಒಂದೇ ತಂಡ ಮಾಡಿದ್ದಾರೆ. ಮೆಲ್ರೋಸಿನಲ್ಲಿ ಈಗಲೂ ಏಪ್ರಿಲ್ ತಿಂಗಳಲ್ಲಿ ಒಂದು ದಿನ ಏಳು ಮಂದಿಯ ಪಂದ್ಯಾವಳಿ ನಡೆಯುತ್ತದೆ.