ವಿದ್ಯುತ್ಕಾಂತೀಯ ಪ್ರೇರಣೆ: ಶೋಧದ ಇತಿಹಾಸ

ತಂತಿಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಬದಲಾಗುತ್ತಿರುವಾಗ ಸುರುಳಿಯಲ್ಲಿ ವಿದ್ಯುಚ್ಚಾಲಕ ಬಲ ಹುಟ್ಟುವುದೇ ವಿದ್ಯುತ್ಕಾಂತೀಯ ಪ್ರೇರಣೆ. ಮಂಡಲ ಪೂರ್ಣವಾಗಿದ್ದರೆ ಈ ಬಲ ಅದರಲ್ಲಿ ವಿದ್ಯುತ್ತನ್ನು ಹರಿಸುತ್ತದೆ. ಮಂಡಲವನ್ನು ಒಂದು ಸುತ್ತು ಬರುವ ಪ್ರತಿ ಕೂಲಂಬ್ ವಿದ್ಯುದಂಶಕ್ಕೆ ದೊರೆಯುವ ಶಕ್ತಿಯೇ ಅದರ ಪ್ರಮಾಣ. ಅಳೆಯುವ ಮಾನ ವೋಲ್ಟ್.

1800ರಲ್ಲಿ ವೋಲ್ಟಾ ಪ್ರಕಟಿಸಿದ ಬ್ಯಾಟರಿಯಲ್ಲಿ ಈ ಬಲ ರಾಸಾಯನಿಕ ಕ್ರಿಯೆಯಿಂದ ಬರುತ್ತಿತ್ತು. 1820ರಲ್ಲಿ ಕೋಪನ್‌ಹೇಗನ್ನಿನ ಅರ್ಸ್ಟೆಡ್, ವಿದ್ಯುತ್ ಹರಿಯುವ ತಂತಿ ಕಾಂತಸೂಚಿಯನ್ನು ವಾಲಿಸುತ್ತದೆಂದು ತೋರಿಸಿದ. ಹಾಗಾದರೆ ಕಾಂತದಿಂದ ವಿದ್ಯುತ್ತನ್ನು ಪಡೆಯಬಹುದೇ? ಉತ್ತರ ಸಿಗಲು ಹನ್ನೊಂದು ವರ್ಷ ಬೇಕಾಯಿತು. ಸ್ಥಿರವಾದ ಕಾಂತ ಸ್ಥಿರವಾದ ವಿದ್ಯುತ್ತನ್ನೇ ಕೊಡಬೇಕೆಂಬ ನಿರೀಕ್ಷೆ ಹುಡುಕುವವರನ್ನು ದಾರಿ ತಪ್ಪಿಸಿತ್ತು. 1825ರಲ್ಲಿ ಜಿನೀವಾದ ಕೊಲಾಡನ್ ಸುರುಳಿಯ ಬಳಿ ಬಲವಾದ ಕಾಂತವನ್ನು ಆಡಿಸಿದ್ದ. ಕಾಂತವು ಸೂಚಿಯನ್ನು ನೇರವಾಗಿ ಕದಲಿಸಬಾರದೆಂದು ಸೂಚಿಯ ವಾಲಿಕೆಯಿಂದ ವಿದ್ಯುತ್ತನ್ನು ತೋರಿಸುವ ಗ್ಯಾಲ್ವನೋಮೀಟರನ್ನು ಪಕ್ಕದ ಕೋಣೆಯಲ್ಲಿಟ್ಟಿದ್ದ. ಅಲ್ಲಿಗೆ ನಡೆದು ಹೋಗಿ ನೋಡುವಷ್ಟರಲ್ಲಿ ಸೂಚಿ ತಟಸ್ಥವಾಗಿರುತ್ತಿತ್ತು. ಎಷ್ಟು ಎಚ್ಚರದ ಪ್ರಯೋಗ! ಆ ಎಚ್ಚರವೇ ಶೋಧವನ್ನು ಅವನ ಕೈ ತಪ್ಪಿಸಿತು.

1831ರ ಆಗಸ್ಟ್ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮೈಕಲ್ ಫ್ಯಾರಡೆ ಮೆದುಕಬ್ಬಿಣದ ಉಂಗುರವೊಂದರ ಎರಡು ಪಕ್ಕಗಳಿಗೆ ತಂತಿ ಸುತ್ತಿದ. ತಾಮ್ರಕ್ಕೆ ತಾಮ್ರ ತಾಗದಂತೆ ನಡುವೆ ಬಟ್ಟೆ, ದಾರ. ಒಂದು ಸುರುಳಿಗೆ ಬ್ಯಾಟರಿ ಜೋಡಿಸಿದ ಕ್ಷಣ ಇನ್ನೊಂದರ ಬಳಿಯಿದ್ದ ಸೂಚಿ ಅಲುಗಾಡಿ ಸ್ವಸ್ಥಾನಕ್ಕೆ ಮರಳಿತು. ಬ್ಯಾಟರಿ ಬಿಡಿಸಿದಾಗ ಮತ್ತೆ ಅಲುಗಾಡಿತು. ನಡುವಿನ ಹೊತ್ತಿನಲ್ಲಿ, ವಿದ್ಯುತ್ ಹರಿಯುತ್ತಲೇ ಇದ್ದರೂ, ಏನೂ ಆಗಲಿಲ್ಲ. ಕ್ಷೇತ್ರ ಇದ್ದರೆ ಸಾಲದು, ಅದು ಬದಲಾಗಬೇಕು. ಅಕ್ಟೋಬರ್ 17ರಂದು ಸುರುಳಿಯೊಳಕ್ಕೆ ದಂಡಕಾಂತವನ್ನು ತೂರಿಸಿಯೂ ಅವನು ವಿದ್ಯುತ್ ಪಡೆದ. ಅದೇ ತಿಂಗಳ 28ರಂದು ಕಾಂತಧ್ರುವಗಳ ನಡುವೆ ತಾಮ್ರದ ತಟ್ಟೆ ತಿರುಗಿಸಿ ಎಡೆಬಿಡದ ಪ್ರವಾಹವನ್ನೇ ಹೊರಡಿಸಿದ. ಅಮೆರಿಕದ ಜೋಸೆಫ್ ಹೆನ್ರಿ ಪ್ರೇರಣೆಯನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದರೂ ಮೊದಲು ಪ್ರಕಟಿಸಿದವನು ಫ್ಯಾರಡೆ.

ಪ್ರೇರಿತ ವಿದ್ಯುತ್ತು ತನ್ನನ್ನು ಹುಟ್ಟಿಸಿದ ಬದಲಾವಣೆಯನ್ನೇ ಎದುರಿಸುತ್ತದೆ ಎಂಬ ನಿಯಮವನ್ನು 1834ರಲ್ಲಿ ಲೆನ್ಜ್ ಪ್ರಕಟಿಸಿದ. ಜನರೇಟರನ್ನು ತಿರುಗಿಸಲು ಶ್ರಮ ಬೇಕಾಗುವುದು ಈ ಎದುರೊತ್ತಿನಿಂದಲೇ. ವಿದ್ಯುತ್ತಿನ ಶಕ್ತಿ ಬರುವುದು ಆ ಶ್ರಮದಿಂದ. ಪ್ರೇರಣೆಯ ನಿಯಮಕ್ಕೆ ಗಣಿತರೂಪವನ್ನು 1845ರಲ್ಲಿ ನಾಯ್ಮನ್, ಬಳಿಕ ಮ್ಯಾಕ್ಸ್‌ವೆಲ್ ಕೊಟ್ಟರು.

ಪ್ಯಾರಿಸಿನ ಪಿಕ್ಸಿ 1832ರಲ್ಲೇ ಕೈಯಿಂದ ತಿರುಗಿಸುವ ಜನರೇಟರ್ ಮಾಡಿದ್ದ. ದೊಡ್ಡ ಪ್ರಮಾಣದ ಉತ್ಪಾದನೆಗೆ ದಾರಿಯಾದದ್ದು 1860ರ ದಶಕದ ಡೈನಮೊ. ವೋಲ್ಟೇಜನ್ನು ಏರಿಸಿ ಇಳಿಸುವ ಟ್ರಾನ್ಸ್‌ಫಾರ್ಮರ್, ಫ್ಯಾರಡೆಯ ಉಂಗುರದ ತತ್ವದ್ದೇ, ವಿದ್ಯುತ್ತನ್ನು ದೂರಕ್ಕೆ ಸಾಗಿಸಿತು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. 1905ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿಸಿತು.