ಓಕೆಯ ಪೂರ್ಣರೂಪ

ಮದುವೆಯ ದಿನ, ಛತ್ರದ ವಿಳಾಸ, ಬಸ್ಸಿನ ವೇಳೆ, ಯಾರು ಯಾರನ್ನು ಕರೆತರಬೇಕು ಎಂದೆಲ್ಲ ಹತ್ತು ಸಾಲು ಟೈಪಿಸಿ ಕಳಿಸಿದರೆ ಆ ಕಡೆಯಿಂದ ಬರುವುದು ಇಂಗ್ಲಿಷಿನ ಒಂದೇ ಅಕ್ಷರ: ಕೆ. ಚತುರ್ಥಿ ವಿಭಕ್ತಿಯ ಪ್ರತ್ಯಯ ಮಾತ್ರ ಬಂದು ತಲುಪಿ, ನಾಮಪದ ದಾರಿಯಲ್ಲೇ ಉದುರಿಹೋದಂತೆ. ಇದರ ಬಂಧುಬಳಗವೂ ದೊಡ್ಡದು. 'ಯು' ಬರೆಯಲು ಮೂರಕ್ಷರ ಭಾರ, 'ಗ್ರೇಟ್' ಕೊನೆಗೆ ಎಂಟರ ಅಂಕಿ, ಸ್ವರಗಳನ್ನೆಲ್ಲ ಕಿತ್ತು ಒಣಗಿಸಿದ 'ಪ್ಲೀಸ್'. ಸ್ಪೆಲಿಂಗ್ ತಪ್ಪಿದರೆ ಅಂಗೈ ಮೇಲೆ ಏಟು ತಿಂದು ಇಂಗ್ಲಿಷ್ ಕಲಿತವರಿಗೆ ಇದನ್ನು ಕಂಡರೆ ಮೈ ಉರಿಯುತ್ತದೆ. ಓಕೆಯನ್ನಾದರೂ ಪೂರ್ತಿ ಬರೆಯಬಾರದೇ, ಅನ್ನುತ್ತೇವೆ.

ಆದರೆ ಓಕೆಯ ಪೂರ್ತಿ ಯಾವುದು? ಇಲ್ಲಿ ನಮ್ಮ ವಾದ ತುಸು ಮುಗ್ಗರಿಸುತ್ತದೆ. 1830ರ ದಶಕದ ಕೊನೆಯಲ್ಲಿ ಅಮೆರಿಕದ ಬಾಸ್ಟನ್ನಿನ ಪತ್ರಿಕೆಯವರಿಗೆ ಒಂದು ಹುಚ್ಚು ಹಿಡಿದಿತ್ತು. ಮಾತನ್ನು ಬೇಕೆಂದೇ ತಪ್ಪು ಸ್ಪೆಲಿಂಗಿನಲ್ಲಿ ಊಹಿಸಿಕೊಂಡು, ಆ ತಪ್ಪಿನ ಮೊದಲಕ್ಷರಗಳನ್ನಷ್ಟೇ ಅಚ್ಚು ಹಾಕುವುದು. 'ನೋ ಯೂಸ್' ಎನ್ನಲು ಕೆ.ವೈ., 'ಆಲ್ ರೈಟ್' ಎನ್ನಲು ಓ.ಡಬ್ಲ್ಯು. 1839ರ ಮಾರ್ಚ್ 23ರ 'ಬಾಸ್ಟನ್ ಮಾರ್ನಿಂಗ್ ಪೋಸ್ಟ್'ನಲ್ಲಿ 'ಆಲ್ ಕರೆಕ್ಟ್' ಇದೇ ಚೇಷ್ಟೆಗೆ ಸಿಕ್ಕಿ ಓ.ಕೆ. ಆಯಿತು. ಎರಡಕ್ಷರ, ಎರಡೂ ತಪ್ಪು, ಅರ್ಥ ಮಾತ್ರ 'ಎಲ್ಲ ಸರಿ'.

ಆ ತಮಾಷೆಯ ಮಿಕ್ಕ ಕೂಸುಗಳು ಬೇಗ ಸತ್ತವು. ಇದನ್ನು ಬದುಕಿಸಿದ್ದು 1840ರ ಅಧ್ಯಕ್ಷ ಚುನಾವಣೆ. ಮಾರ್ಟಿನ್ ವ್ಯಾನ್ ಬ್ಯೂರನ್ ಅವರ ಊರು ಕಿಂಡರ್‌ಹುಕ್; 'ಓಲ್ಡ್ ಕಿಂಡರ್‌ಹುಕ್' ಎಂಬ ಅಡ್ಡಹೆಸರು ಹಿಡಿದು ಬೆಂಬಲಿಗರು ಓ.ಕೆ. ಕ್ಲಬ್ಬುಗಳನ್ನು ಕಟ್ಟಿದರು. ಎದುರಾಳಿಗಳು ಬಿಡುತ್ತಾರೆಯೇ? ಇವರ ಗುರು ಆ್ಯಂಡ್ರೂ ಜಾಕ್ಸನ್‌ಗೆ ಸ್ಪೆಲಿಂಗ್ ಬಾರದು, ಕಾಗದಗಳ ಮೇಲೆ ಓ.ಕೆ. ಎಂದು ಗೀಚುತ್ತಿದ್ದದ್ದು ಅವರೇ ಎಂದು ಕತೆ ಹಬ್ಬಿಸಿದರು. ಮುಂದೆ ಅಧ್ಯಕ್ಷ ವುಡ್ರೊ ವಿಲ್ಸನ್, ಇದು ಚಾಕ್ಟಾ ಜನರ ಭಾಷೆಯ ಪದವೆಂದು ನಂಬಿ, ಕೊನೆಗೊಂದು ಎಚ್ ಸೇರಿಸಿ ಬರೆಯುತ್ತಿದ್ದರು. 1960ರ ದಶಕದಲ್ಲಿ ಆ್ಯಲನ್ ವಾಕರ್ ರೀಡ್ ಎಂಬ ವಿದ್ವಾಂಸರು ಹಳೆಯ ಪತ್ರಿಕೆಗಳ ರಾಶಿ ಬಗೆದು ನಿಜ ಜಾತಕ ಹೊರತೆಗೆದರು. ನಾವು ಶುದ್ಧವೆಂದು ಹಟ ಹಿಡಿಯುವ ನಾಲ್ಕಕ್ಷರದ 'ಓಕೇ' ಇದೆಯಲ್ಲ, ಅದು ಹುಟ್ಟಿದ್ದು ಆಮೇಲೆ, ಈ ಎರಡಕ್ಷರದ ಉಚ್ಚಾರಣೆ ಕೇಳಿ. ಮಗುವೇ ತಂದೆಯನ್ನು ಹೆತ್ತ ಪ್ರಸಂಗ.

ಕನ್ನಡಕ್ಕೆ ಬಂದ ಮೇಲೆ ಅದು ಇಲ್ಲಿನ ನೀರು ಕುಡಿದು ಬೇರೆಯೇ ಆಯಿತು. ಸಾಹೇಬರ ಹತ್ತಿರ ಫೈಲು ಓಕೆ ಮಾಡಿಸುತ್ತೇವೆ. ಗಾಂಧಿನಗರದಲ್ಲಿ ಕತೆ ಓಕೆ ಆಗುತ್ತದೆ. ಕನ್ನಡದಲ್ಲಿ ಪದ ಎರಡು ಸಲ ಬಂದರೆ ತೂಕ ಹೆಚ್ಚುವುದು ವಾಡಿಕೆ: ಬೇಗ ಬೇಗ, ಬಿಸಿಬಿಸಿ. ಇದು ಮಾತ್ರ ತಿರುಗುಮುರುಗು. 'ಊಟ ಓಕೆ' ಅಂದರೆ ತೊಂದರೆಯಿಲ್ಲ. 'ಊಟ ಓಕೆ ಓಕೆ' ಅಂದರೆ ಮನೆಗೆ ಬಂದು ಮತ್ತೆ ಉಣ್ಣಬೇಕು.

ಮೊಟಕು ಮಾಡುವುದರಲ್ಲಿ ನಾವೇನು ಕಮ್ಮಿಯೇ? ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರನ್ನು ಕುವೆಂಪು ಎಂದೇ ಕರೆದು ಬೆಳೆದವರು. ಲಗ್ನಪತ್ರಿಕೆಯಲ್ಲಿ ಇವತ್ತಿಗೂ ವರ ಚಿ॥, ವಧು ಚಿ॥ಸೌ॥. ಹಳೆಯ ಕಾಗದಗಳು ಶುರುವಾಗುತ್ತಿದ್ದದ್ದೇ ತೀ॥ರೂ॥ ಎಂದು. ಅದನ್ನು ಓದಿ ಯಾವ ಅಪ್ಪನೂ ಮಗ ಅವಸರದಲ್ಲಿದ್ದಾನೆ ಎಂದುಕೊಳ್ಳಲಿಲ್ಲ. ಪ್ರತಿ ಸಂದೇಶಕ್ಕೂ ದುಡ್ಡು ತೆರುತ್ತಾ, 160 ಅಕ್ಷರಗಳೊಳಗೆ ಹೇಳಿ ಮುಗಿಸಬೇಕಿದ್ದ ಎಸ್ಸೆಮ್ಮೆಸ್ ಕಾಲಕ್ಕೂ ಕ್ಷಮೆಯಿದೆ. ಒಂದು ಓ ಮೂಡಿಸಲು ಆರರ ಕೀಲಿಯನ್ನು ಮೂರು ಸಲ ಒತ್ತಬೇಕಿತ್ತು.

ಹೀಗಾಗಿ 'ಕೆ'ಯ ಮೇಲಿನ ಸಿಟ್ಟು ಈಗ ಅರ್ಧ ಇಳಿದಿದೆ. ಉಳಿದರ್ಧವನ್ನು 'ಆರ್‌ಐಪಿ'ಗೆ ಎತ್ತಿಟ್ಟಿದ್ದೇನೆ. ಲ್ಯಾಟಿನ್ ಪ್ರಾರ್ಥನೆಯ ಈ ಸಂಕ್ಷೇಪವನ್ನು ಗೋರಿಕಲ್ಲಿನ ಮೇಲೆ ಕೆತ್ತುತ್ತಿದ್ದರು. ಕೆತ್ತುವವನ ಕೈ ಸೋಲುತ್ತದೆ, ಕಲ್ಲಿನಲ್ಲಿ ಜಾಗ ಸಾಲದು, ಒಪ್ಪೋಣ. ಫೋನಿನಲ್ಲಿ ಯಾವ ಉಳಿ, ಯಾವ ಸುತ್ತಿಗೆ? ತಾಯಿ ತೀರಿಕೊಂಡ ಸುದ್ದಿ ಹಾಕಿದವರಿಗೆ ಸಿಗುವುದು ಉದ್ದಕ್ಕೂ ಅದೇ ಮೂರಕ್ಷರ. ಕೆಲವರದರಲ್ಲಿ ಅವೂ ಹಿಂದುಮುಂದು. ನಡುವೆ ಎಲ್ಲೋ ಒಬ್ಬರು, ನಿಮ್ಮಮ್ಮ ಬಡಿಸಿದ ಹುಳಿ ಇನ್ನೂ ನೆನಪಿದೆ ಕಣಪ್ಪ ಎಂದು ಕನ್ನಡದಲ್ಲೇ ಬರೆದಿರುತ್ತಾರೆ. ಅದರಲ್ಲಿ ಒತ್ತಕ್ಷರ ಎರಡು ಕಡೆ ತಪ್ಪಿರುತ್ತದೆ. ಅದಕ್ಕೆ ನನ್ನ ತಕರಾರಿಲ್ಲ.